ಪಿಂಚಣಿ ಪ್ರಯಾಗ್‌ರಾಜ್‌ನಲ್ಲಿ, ಜಮೀನು ತಾಲ್ಲೂಕು ಕಚೇರಿಯಲ್ಲಿ: ಮಾಜಿ ಸೈನಿಕರ ಕಾಗದ ಓಡಾಡುವ ದಾರಿ

ದಾವಣಗೆರೆಯ ಜಿಲ್ಲಾಡಳಿತ ಭವನಕ್ಕೆ ಹೋಗಿ "ಮಿಲಿಟರಿಯಿಂದ ರಿಟೈರ್ ಆಗಿ ಬಂದೀನಿ, ನನ್ನ ಕೆಲಸ ಯಾವ ಆಫೀಸಿನಾಗೆ ಆಗುತ್ತೆ ಸಾರ್?" ಎಂದು ಕೇಳಿದರೆ ಉತ್ತರದ ಬದಲು ಇನ್ನೊಂದು ಪ್ರಶ್ನೆ ಬರುತ್ತದೆ: "ಯಾವ ಕೆಲಸ?" ಹಾಗೆ ಕೇಳುವುದು ಉಡಾಫೆಯಲ್ಲ. ಪಿಂಚಣಿಯ ಲೆಕ್ಕ ಉತ್ತರ ಪ್ರದೇಶದ ಪ್ರಯಾಗ್‌ರಾಜ್‌ನಲ್ಲಿದೆ. ಜಮೀನಿನ ಅರ್ಜಿ ತಹಶೀಲ್ದಾರರ ಟಪಾಲಿಗೆ ಬೀಳಬೇಕು. ಮನೆ ಕಂದಾಯದ ರಿಯಾಯಿತಿಗೆ ಮಹಾನಗರ ಪಾಲಿಕೆ ಅಥವಾ ಗ್ರಾಮ ಪಂಚಾಯಿತಿ. ಮಗಳ ಇಂಜಿನಿಯರಿಂಗ್ ಸೀಟಿನ ಕೋಟಾಗೆ ಬೆಂಗಳೂರಿನ ಪರೀಕ್ಷಾ ಪ್ರಾಧಿಕಾರ. ಬ್ಯಾಂಕಿನಲ್ಲಿ ಗನ್‌ಮ್ಯಾನ್ ಕೆಲಸಕ್ಕೆ ಸೇರಬೇಕೆಂದರೆ ಬಂದೂಕಿನ ಲೈಸೆನ್ಸಿಗೆ ಜಿಲ್ಲಾಧಿಕಾರಿ ಮತ್ತು ಎಸ್‌ಪಿ ಕಚೇರಿ. ಇಷ್ಟೂ ಕಡೆ ತೋರಿಸಬೇಕಾದದ್ದು ಮಾತ್ರ ಅದೇ ಡಿಸ್ಚಾರ್ಜ್ ಬುಕ್ಕು, ಅದೇ ಪಿಪಿಒ (ಪಿಂಚಣಿ ಪಾವತಿ ಆದೇಶ).

ಸುತ್ತೋಲೆಗಳಲ್ಲಿ "ಸಮನ್ವಯ" ಎಂಬ ಮಾತು ಧಾರಾಳವಾಗಿ ಸಿಗುತ್ತದೆ. ನಡೆಯುವುದನ್ನು ನೋಡಿದರೆ ಇಲಾಖೆಗಳ ನಡುವೆ ಓಡಾಡಿ ಸಮನ್ವಯ ಮಾಡುವವನು ಬಹುಪಾಲು ಮಾಜಿ ಸೈನಿಕನೇ. ಅವನು ತೀರಿಕೊಂಡ ಮೇಲೆ ಆ ಕೆಲಸ ಅವನ ಹೆಂಡತಿಯ ತಲೆಗೆ ಬರುತ್ತದೆ. ಯಾವ ಕಾಗದ ಯಾವ ಕಡೆಯಿಂದ ಯಾವ ಕಡೆಗೆ ಹೋಗುತ್ತದೆ ಎಂದು ಮೊದಲೇ ತಿಳಿದಿದ್ದರೆ ಅಲೆದಾಟ ಎಷ್ಟೋ ಕಡಿಮೆಯಾಗುತ್ತದೆ.

ಎರಡು ಸರ್ಕಾರಗಳ ನಡುವೆ ಒಂದು ಕಚೇರಿ

ಹದಿನೆಂಟು ಹತ್ತೊಂಬತ್ತಕ್ಕೆ ಸಿಪಾಯಿಯಾಗಿ ಸೇರಿದವರು ಮೂವತ್ತೈದರಿಂದ ನಲವತ್ತೈದರೊಳಗೆ ಊರಿಗೆ ಬಂದುಬಿಡುತ್ತಾರೆ. ಪಿಂಚಣಿಗೆ ಕನಿಷ್ಠ 15 ವರ್ಷದ ಸೇವೆ ಸಾಕು. ಶಾಲಾ ಮೇಷ್ಟರೋ ಕಂಡಕ್ಟರೋ ಅರವತ್ತಕ್ಕೆ ನಿವೃತ್ತರಾದರೆ, ಇವರು ಮಕ್ಕಳು ಇನ್ನೂ ಹೈಸ್ಕೂಲಿನಲ್ಲಿರುವಾಗಲೇ "ಮಾಜಿ" ಆಗಿರುತ್ತಾರೆ. ಹೀಗಾಗಿ ಅವರಿಗೆ ಬೇಕಿರುವುದು ಪಿಂಚಣಿ ಒಂದೇ ಅಲ್ಲ, ಎರಡನೆಯ ಬದುಕೂ ಬೇಕು. ಪಿಂಚಣಿ, ಚಿಕಿತ್ಸೆ, ಕ್ಯಾಂಟೀನು ಕೇಂದ್ರದ ರಕ್ಷಣಾ ಸಚಿವಾಲಯಕ್ಕೆ ಸೇರಿದವು. ಅಲ್ಲಿ 2004ರಿಂದ ಮಾಜಿ ಸೈನಿಕರ ಕಲ್ಯಾಣಕ್ಕೆಂದೇ ಪ್ರತ್ಯೇಕ ಇಲಾಖೆಯಿದೆ. ಎರಡನೆಯ ಬದುಕಿಗೆ ಬೇಕಾದ ಜಮೀನು, ಸರ್ಕಾರಿ ನೌಕರಿ, ಕಾಲೇಜು ಸೀಟು, ಮನೆ ಕಂದಾಯ ಎಲ್ಲವೂ ರಾಜ್ಯದ ಕೈಯಲ್ಲಿವೆ.

ಈ ಎರಡನ್ನೂ ಜೋಡಿಸಲು ಹುಟ್ಟಿದ್ದು ಸೈನಿಕ ಮಂಡಳಿಗಳು. ಮೊದಲ ಮಹಾಯುದ್ಧ ಮುಗಿದ ಮೇಲೆ, 1919ರಲ್ಲಿ, ಬ್ರಿಟಿಷರ ಕಾಲದಲ್ಲೇ ಇದಕ್ಕೊಂದು ಮಂಡಳಿ ಆಯಿತು. ಅದೇ 1975ರಲ್ಲಿ ಕೇಂದ್ರೀಯ ಸೈನಿಕ ಮಂಡಳಿ ಎಂಬ ಹೆಸರು ಪಡೆಯಿತು. ರಕ್ಷಣಾ ಸಚಿವರೇ ಅದರ ಅಧ್ಯಕ್ಷರು. ಅದರ ಕೆಳಗೆ ರಾಜ್ಯ ಮಂಡಳಿ, ಅದರ ಕೆಳಗೆ ಜಿಲ್ಲಾ ಮಂಡಳಿ. ನಮ್ಮಲ್ಲಿ ಈ ಕೆಲಸ ನೋಡುವುದು ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆ. ಅದರ ಕೇಂದ್ರ ಕಚೇರಿ ಬೆಂಗಳೂರಿನಲ್ಲಿ, ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಹೆಸರಿನ ಭವನದಲ್ಲಿದೆ. ಜಿಲ್ಲಾ ಮಟ್ಟದಲ್ಲಿ ಉಪನಿರ್ದೇಶಕರಿರುತ್ತಾರೆ, ಜಿಲ್ಲಾ ಮಂಡಳಿಗೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಈ ಕಚೇರಿಗಳ ಖರ್ಚಿನಲ್ಲಿ ಕೇಂದ್ರದ ಪಾಲು 60, ರಾಜ್ಯದ್ದು 40. ಸಿಬ್ಬಂದಿ ರಾಜ್ಯದವರು, ಯೋಜನೆಗಳಲ್ಲಿ ಮುಕ್ಕಾಲು ಕೇಂದ್ರದವು. ತಮಾಷೆಯಾಗಿ ಕಂಡರೂ ಕಚೇರಿಯ ಸ್ವಭಾವವೆಲ್ಲ ಇದರಲ್ಲೇ ಅಡಗಿದೆ.

ಒಂದು ವಿಷಯ ಮೊದಲೇ ಮನಸ್ಸಿನಲ್ಲಿರಲಿ. ಎಲ್ಲ ಜಿಲ್ಲೆಯಲ್ಲೂ ಸೈನಿಕ ಕಲ್ಯಾಣ ಕಚೇರಿ ಇಲ್ಲ. ಒಂದು ಕಚೇರಿಯ ವ್ಯಾಪ್ತಿಗೆ ಅಕ್ಕಪಕ್ಕದ ಜಿಲ್ಲೆಗಳೂ ಸೇರಿರುತ್ತವೆ. ಮೊಳಕಾಲ್ಮೂರಿನಿಂದಲೋ ಜಗಳೂರಿನಿಂದಲೋ ಬೆಳಗಿನ ಬಸ್ಸು ಹಿಡಿಯುವ ಮೊದಲು, ತಮ್ಮ ತಾಲ್ಲೂಕು ಯಾವ ಕಚೇರಿಗೆ ಬರುತ್ತದೆ, ಸಾಹೇಬರು ಯಾವ ದಿನ ಇರುತ್ತಾರೆ ಎಂದು ಫೋನಿನಲ್ಲಿ ವಿಚಾರಿಸಿಕೊಳ್ಳುವುದು ಒಳ್ಳೆಯದು.

ಆ ಕಚೇರಿ ಏನು ಕೊಡುತ್ತದೆ? ಮುಖ್ಯವಾಗಿ ಗುರುತು. ಮಾಜಿ ಸೈನಿಕರ ಗುರುತಿನ ಚೀಟಿ, ವಿಧವೆಯರ ಗುರುತಿನ ಚೀಟಿ, ಮಕ್ಕಳ ಸೀಟಿಗೆ ಅವಲಂಬಿತರ ಪ್ರಮಾಣಪತ್ರ, ಕೆಲಸ ಹುಡುಕುವವರ ಹೆಸರು ನೋಂದಣಿ. ಜೊತೆಗೆ ಕೇಂದ್ರದ ಅನುದಾನದ ಅರ್ಜಿಗಳನ್ನು ಪರಿಶೀಲಿಸಿ ಮೇಲಕ್ಕೆ ಕಳಿಸುತ್ತದೆ. ಅದರ ಕೈಯಲ್ಲಿ ಜಮೀನಿಲ್ಲ, ಆಸ್ಪತ್ರೆಯಿಲ್ಲ, ಪಿಂಚಣಿಯ ಲೆಕ್ಕವಿಲ್ಲ. ಮದುವೆ ಮಾತುಕತೆಯಲ್ಲಿ ಎರಡೂ ಕಡೆಯವರನ್ನು ಬಲ್ಲ ಹಿರಿಯರಿದ್ದಂತೆ ಈ ಕಚೇರಿ: "ಇವರು ನಮ್ಮವರು" ಎಂದು ಹೇಳಬಲ್ಲದು, ಖರ್ಚು ಹೊರಲಾರದು. ಇದು ತಿಳಿಯದೆ ಎಷ್ಟೋ ಜನ ಪಿಂಚಣಿ ತಡವಾದದ್ದಕ್ಕೆ ಆ ಕಚೇರಿಯ ಗುಮಾಸ್ತರ ಮೇಲೆ ರೇಗುತ್ತಾರೆ.

ಹೆಸರಿನ ಒಂದು ಅಕ್ಷರ

ಕಾಗದ ಎಲ್ಲಿ ನಿಲ್ಲುತ್ತದೆ ಎಂದು ಕೇಳಿದರೆ, ನನ್ನ ಮಟ್ಟಿಗೆ ಉತ್ತರ ಒಂದೇ. ಸೇನೆಯ ದಾಖಲೆಗೂ ಊರಿನ ದಾಖಲೆಗೂ ತಾಳೆಯಾಗದ ಕಡೆ.

ಒಬ್ಬ ಹವಾಲ್ದಾರರನ್ನು ಊಹಿಸಿಕೊಳ್ಳಿ. ಊರು ಜಗಳೂರು ಸೀಮೆ. ಭರ್ತಿಯಾದಾಗ ಕ್ಲಾರ್ಕು ಹಿಂದಿಯವನು. "ಹೆಚ್. ಬಸವರಾಜಪ್ಪ" ಎಂದರೆ ಅವನಿಗೆ ತೃಪ್ತಿಯಿಲ್ಲ, ಹೆಚ್ ಅನ್ನು ಬಿಡಿಸಿ ಹೇಳು ಎಂದ. ಹೀಗೆ ಸೇನೆಯ ಪುಸ್ತಕದಲ್ಲಿ ಅಪ್ಪನ ಹೆಸರು ಮುಂದೆ ಬಂದು "ಹನುಮಂತಪ್ಪ ಬಸವರಾಜಪ್ಪ" ಆಯಿತು. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಮೊದಲಿನಂತೆ ಇನಿಷಿಯಲ್ಲೇ. ಮದುವೆಯಾದಾಗ ಹೆಂಡತಿಯ ಹೆಸರು ರತ್ನವ್ವ ಎಂದು ಬರೆಸಿದರು. ಊರಲ್ಲಿ ಎಲ್ಲರೂ ಕರೆಯುವುದು ಹಾಗೇ. ಆಮೇಲೆ ಆಧಾರ್ ಮಾಡಿಸಿದಾಗ ಆಕೆ ರತ್ನಮ್ಮ ಆದಳು. ಹುಟ್ಟಿದ ದಿನ ಯಾರಿಗೂ ನೆನಪಿಲ್ಲ, ಆದ್ದರಿಂದ ಆಧಾರ್‌ನಲ್ಲಿ ಜನವರಿ 1. ಸೇನೆಯ ಪುಸ್ತಕದಲ್ಲಿ ಬೇರೊಂದು ದಿನ. ಅವರು ಬದುಕಿರುವವರೆಗೆ ಇದ್ಯಾವುದೂ ತೊಂದರೆ ಕೊಡುವುದಿಲ್ಲ. ಪಿಂಚಣಿ ತಿಂಗಳು ತಿಂಗಳು ಬರುತ್ತದೆ. ತೊಂದರೆ ಎದ್ದು ನಿಲ್ಲುವುದು ಅವರು ತೀರಿಕೊಂಡು, ರತ್ನಮ್ಮ ತನ್ನ ಆಧಾರ್ ಹಿಡಿದು ರತ್ನವ್ವನ ಕುಟುಂಬ ಪಿಂಚಣಿ ಕೇಳಿದ ದಿನ.

ಸೇವೆಯಲ್ಲಿರುವಾಗ ಮದುವೆ, ಮಕ್ಕಳ ಜನನ ಎಲ್ಲವೂ "ಪಾರ್ಟ್ ಟು ಆರ್ಡರ್" ಎಂಬ ಆದೇಶದ ಮೂಲಕ ದಾಖಲೆ ಸೇರುತ್ತವೆ. ಯೂನಿಟ್ಟಿನಲ್ಲಿದ್ದಾಗ ಅದನ್ನು ತಿದ್ದಿಸುವುದು ಸುಲಭ, ಹೆಡ್ ಕ್ಲಾರ್ಕ್ ಪಕ್ಕದ ಕೋಣೆಯಲ್ಲೇ ಇರುತ್ತಾನೆ. ನಿವೃತ್ತಿಯಾದ ಮೇಲೆ ಅದೇ ತಿದ್ದುಪಡಿಗೆ ಸೈನಿಕರ ಸೇವಾ ದಾಖಲೆ ಇಟ್ಟುಕೊಳ್ಳುವ ರೆಕಾರ್ಡ್ಸ್ ಆಫೀಸಿಗೆ ಬರೆಯಬೇಕು. ಆ ಆಫೀಸು ಯಾವ ಊರಿನಲ್ಲಿದೆ ಎಂಬುದು ಸೇವೆ ಮಾಡಿದ ದಳದ ಮೇಲೆ ನಿಂತಿದೆ. ಎಂಇಜಿ (ಮದ್ರಾಸ್ ಇಂಜಿನಿಯರ್ ಗ್ರೂಪ್), ಪ್ಯಾರಾಶೂಟ್ ರೆಜಿಮೆಂಟ್ ಆದರೆ ಬೆಂಗಳೂರು. ಮರಾಠಾ ಲೈಟ್ ಇನ್ಫೆಂಟ್ರಿಗೆ ಬೆಳಗಾವಿ. ಮದ್ರಾಸ್ ರೆಜಿಮೆಂಟಿಗೆ ನೀಲಗಿರಿಯ ವೆಲ್ಲಿಂಗ್ಟನ್. ಫಿರಂಗಿ ದಳಕ್ಕೆ ನಾಸಿಕ್, ಸಿಗ್ನಲ್ಸ್‌ಗೆ ಜಬಲ್‌ಪುರ, ಯಂತ್ರ, ವಾಹನ ರಿಪೇರಿ ನೋಡುವ ಇಎಂಇಗೆ ಸಿಕಂದರಾಬಾದ್. ಒಂದೇ ಓಣಿಯ ಇಬ್ಬರು ಮಾಜಿ ಸೈನಿಕರ ಕಾಗದ ದೇಶದ ಎರಡು ಮೂಲೆಗೆ ಹೋಗುತ್ತದೆ. "ಅವರಿಗೆ ಬೇಗ ಆಯ್ತು, ನನಗೆ ಯಾಕೆ ಆಗಲಿಲ್ಲ?" ಎಂಬ ಹೋಲಿಕೆ ಇಲ್ಲಿ ನಡೆಯುವುದಿಲ್ಲ.

ತಿದ್ದುಪಡಿಯ ದಾರಿ ಹೀಗಿದೆ. ಎರಡೂ ಹೆಸರು ಒಬ್ಬರದೇ ಎಂಬ ಅಫಿಡವಿಟ್, ಆಧಾರ್, ಮದುವೆ ನೋಂದಣಿ ಪತ್ರ ಇವೆಲ್ಲ ಸೈನಿಕ ಕಲ್ಯಾಣ ಕಚೇರಿಯ ಮೂಲಕ ರೆಕಾರ್ಡ್ಸ್‌ಗೆ ಹೋಗುತ್ತವೆ. ರೆಕಾರ್ಡ್ಸ್ ಒಪ್ಪಿದ ಮೇಲೆ ಪ್ರಯಾಗ್‌ರಾಜ್‌ನ ಪಿಂಚಣಿ ಲೆಕ್ಕಾಧಿಕಾರಿಗಳ ಕಚೇರಿ ತಿದ್ದುಪಡಿ ಪಿಪಿಒ ಹೊರಡಿಸುತ್ತದೆ. ಗಂಡ ಬದುಕಿರುವಾಗ ಇದು ಒಂದು ಅರ್ಜಿಯ ಕೆಲಸ. ಅವನು ಹೋದ ಮೇಲೆ ಇದಕ್ಕೆ ಮರಣ ಪ್ರಮಾಣಪತ್ರ, ಗ್ರಾಮ ಆಡಳಿತ ಅಧಿಕಾರಿಯ ವರದಿ, ವಂಶವೃಕ್ಷ, ನಾಡಕಚೇರಿಯ ಜೀವಂತ ಸದಸ್ಯರ ಪತ್ರ ಎಲ್ಲವೂ ಸೇರಿಕೊಳ್ಳುತ್ತವೆ, ಅಷ್ಟು ದಿನ ಮನೆಗೆ ದುಡ್ಡು ಬರುವುದಿಲ್ಲ. ಆದ್ದರಿಂದ ಯಾವ ಮಾಜಿ ಸೈನಿಕರು ಸಿಕ್ಕಿದರೂ ನಾನು ಹೇಳುವುದು ಇಷ್ಟೇ: ಇವತ್ತೇ ಪಿಪಿಒ ತೆಗೆದು ಹೆಂಡತಿಯ ಹೆಸರನ್ನು ಆಧಾರ್ ಪಕ್ಕ ಇಟ್ಟು ಒಂದೊಂದೇ ಅಕ್ಷರ ಓದಿ ನೋಡಿ.

ಈಗ "ಸ್ಪರ್ಶ್" ಎಂಬ ಆನ್‌ಲೈನ್ ವ್ಯವಸ್ಥೆ ಬಂದಿದೆ. ಮೊದಲು ಬ್ಯಾಂಕುಗಳು ಲೆಕ್ಕ ಹಾಕಿ ಕೊಡುತ್ತಿದ್ದ ಪಿಂಚಣಿ ಈಗ ರಕ್ಷಣಾ ಲೆಕ್ಕಪತ್ರ ಇಲಾಖೆಯಿಂದ ನೇರ ಖಾತೆಗೆ ಬೀಳುತ್ತದೆ. ವರ್ಷಕ್ಕೊಮ್ಮೆ ಕೊಡಬೇಕಾದ ಜೀವಿತ ಪ್ರಮಾಣಪತ್ರವನ್ನು ಮೊಬೈಲಿನಲ್ಲಿ ಮುಖ ತೋರಿಸಿಯೂ ಕೊಡಬಹುದು, ಊರಿನ ಸಿಎಸ್‌ಸಿ (ಸಾಮಾನ್ಯ ಸೇವಾ) ಕೇಂದ್ರದಲ್ಲೂ ಕೊಡಬಹುದು. ಇದರಿಂದ ನಿಜವಾದ ಅನುಕೂಲವಾಗಿದೆ. ಆದರೆ ಹಳೆಯ ದಾಖಲೆಯ ತಪ್ಪು ಹೊಸ ಕಂಪ್ಯೂಟರಿಗೂ ಹಾಗೇ ಏರಿದೆ. ಬ್ಯಾಂಕಿನ ಪರಿಚಯದ ಮ್ಯಾನೇಜರು ಮೊದಲು "ಇರಲಿ ಬಿಡಿ" ಎಂದು ಬಿಡುತ್ತಿದ್ದ ವ್ಯತ್ಯಾಸವನ್ನು ಕಂಪ್ಯೂಟರು ಬಿಡುವುದಿಲ್ಲ.

ಊರು ಅಲ್ಲೇ, ಜಿಲ್ಲೆ ಬೇರೆ

ನಮ್ಮ ಕಡೆಗೆ ಇನ್ನೊಂದು ವಿಶೇಷ ತೊಡಕಿದೆ. ದಾವಣಗೆರೆ ಜಿಲ್ಲೆಯಾದದ್ದೇ 1997ರ ಆಗಸ್ಟ್ 15ಕ್ಕೆ. ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗದಿಂದ ಬಂದವು. ಹೊನ್ನಾಳಿ, ಚನ್ನಗಿರಿ ಶಿವಮೊಗ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು.

1995ರಲ್ಲಿ ಹರಪನಹಳ್ಳಿಯಿಂದ ಭರ್ತಿಯಾದವರ ಸೇನಾ ದಾಖಲೆಯಲ್ಲಿ ಸ್ವಂತ ಜಿಲ್ಲೆ ಬಳ್ಳಾರಿ. 2013ರಲ್ಲಿ ನಿವೃತ್ತರಾಗಿದ್ದರೆ ಡಿಸ್ಚಾರ್ಜ್ ವಿಳಾಸ ದಾವಣಗೆರೆ. ಈಗಿನ ಆಧಾರ್ ವಿಜಯನಗರ. ಮನೆ ಮಾತ್ರ ಅದೇ ಓಣಿಯಲ್ಲಿ, ಅದೇ ಬೇವಿನಮರದ ಎದುರು. ಗುರುತಿನ ಚೀಟಿ ನವೀಕರಿಸಲು ಹೋದರೆ ಹಳೆಯ ಕಚೇರಿಯಿಂದ ನೋಂದಣಿ ವರ್ಗವಾಗಬೇಕು. ಅಲ್ಲಿಯವರಿಗೆ ಒಂದು ಲಾಭವೂ ಇದೆ: ಹರಪನಹಳ್ಳಿಗೆ ಕಲ್ಯಾಣ ಕರ್ನಾಟಕದವರಿಗಿರುವ ಸಂವಿಧಾನದ 371ಜೆ ವಿಧಿಯ ಮೀಸಲಾತಿ ಸೌಲಭ್ಯ ಅನ್ವಯಿಸುವುದರಿಂದ ನೌಕರಿ ಅರ್ಜಿಯಲ್ಲಿ ಅದನ್ನೂ ಮಾಜಿ ಸೈನಿಕ ಮೀಸಲಾತಿಯನ್ನೂ ಕೇಳಬಹುದು. ಆದರೆ ಮೊದಲನೆಯದಕ್ಕೆ ಉಪವಿಭಾಗಾಧಿಕಾರಿಯ ಪತ್ರ ಬೇಕು, ಎರಡನೆಯದಕ್ಕೆ ಸೇನೆಯ ಕಾಗದ. ಅರ್ಜಿಯ ಕೊನೆಯ ದಿನಾಂಕದೊಳಗೆ ಎರಡೂ ಕೈಯಲ್ಲಿರಬೇಕು.

ಅಂದಹಾಗೆ, ಚಳ್ಳಕೆರೆ ತಾಲ್ಲೂಕಿನಲ್ಲಿ 2017ರಲ್ಲಿ ಉದ್ಘಾಟನೆಯಾದ ಡಿಆರ್‌ಡಿಒ ಪರೀಕ್ಷಾ ವಲಯವಿದೆ. ಅದೂ ರಕ್ಷಣಾ ಸಚಿವಾಲಯದ್ದೇ, ಆದರೆ ಅದು ವಿಮಾನಗಳನ್ನು ಪರೀಕ್ಷಿಸುವ ಜಾಗ. ಮಾಜಿ ಸೈನಿಕರ ಯಾವ ಕಾಗದವೂ ಅಲ್ಲಿ ಆಗುವುದಿಲ್ಲ.

ರಾಜ್ಯದ ಕೈಯಲ್ಲಿರುವುದು

ರಾಜ್ಯ ಸರ್ಕಾರದ ನೇರ ನೇಮಕಾತಿಯಲ್ಲಿ ಮಾಜಿ ಸೈನಿಕರಿಗೆ ಶೇ. 10 ಸಮತಲ ಮೀಸಲಾತಿ ಇದೆ. ಸಮತಲ ಎಂದರೆ ಸಾಮಾನ್ಯ, ಪರಿಶಿಷ್ಟ, ಹಿಂದುಳಿದ ಹೀಗೆ ಪ್ರತಿ ಪ್ರವರ್ಗದ ಒಳಗೇ ಹತ್ತು ಪಾಲು. ವಯೋಮಿತಿಗೆ ಸೇನೆಯಲ್ಲಿ ಕಳೆದ ವರ್ಷಗಳ ಜೊತೆ ಇನ್ನೂ 3 ವರ್ಷ ಸೇರಿಸಿಕೊಳ್ಳಬಹುದು. ಹದಿನೇಳು ವರ್ಷ ಸೇವೆ ಮಾಡಿದವರಿಗೆ ಇಪ್ಪತ್ತು ವರ್ಷದ ಸಡಿಲಿಕೆ. ಅರ್ಹರು ಸಿಗದಿದ್ದರೆ ಆ ಹುದ್ದೆ ಅದೇ ಪ್ರವರ್ಗದ ಬೇರೆ ಅಭ್ಯರ್ಥಿಗೆ ಹೋಗುತ್ತದೆ. ಪಿಡಿಒ, ಎಫ್‌ಡಿಎ ಅಧಿಸೂಚನೆಯಲ್ಲಿ "ಮಾಜಿ ಸೈನಿಕ" ಎಂಬ ಕಾಲಂ ಇದ್ದರೂ, ಇಪ್ಪತ್ತು ವರ್ಷ ಪುಸ್ತಕ ಬಿಟ್ಟವರು ಪರೀಕ್ಷೆಗೆ ಕೂರಲು ಹಿಂಜರಿಯುತ್ತಾರೆ. ಕೋಟಾ ಇರುವುದು ಒಂದು ಮಾತು, ತಯಾರಿ ಮಾಡಿಸುವವರು ಇರುವುದು ಇನ್ನೊಂದು. ರಾಜ್ಯದ ಇಲಾಖೆಗಳು ಎರಡನೆಯದರ ಕಡೆ ಗಮನ ಕೊಟ್ಟದ್ದು ಕಡಿಮೆ ಎಂಬುದು ನನ್ನ ಅಭಿಪ್ರಾಯ.

ಜಮೀನಿನ ವಿಷಯ ಇನ್ನೂ ಕಗ್ಗಂಟು. 1969ರ ಕರ್ನಾಟಕ ಭೂ ಮಂಜೂರಾತಿ ನಿಯಮಗಳಲ್ಲಿ ಮಂಜೂರಾಗುವ ಜಮೀನಿನ ಶೇ. 10ನ್ನು ಸೈನಿಕರಿಗೂ ಮಾಜಿ ಸೈನಿಕರಿಗೂ ತೆಗೆದಿರಿಸಿದೆ. ಅರ್ಜಿ ತಹಶೀಲ್ದಾರರಿಗೆ. ಅವರಿಂದ ಗ್ರಾಮ ಆಡಳಿತ ಅಧಿಕಾರಿ, ಕಂದಾಯ ನಿರೀಕ್ಷಕರ ವರದಿಗೆ, ಸರ್ವೆಗೆ. ಕಚೇರಿ ಸಿಬ್ಬಂದಿಗೆ ಮನಸ್ಸಿದ್ದರೂ ಊರಲ್ಲಿ ಕೊಡಲು ಜಮೀನಿರಬೇಕಲ್ಲ. ಭದ್ರಾ ನೀರು ಹರಿಯುವ ಹರಿಹರ, ಚನ್ನಗಿರಿ ಕಡೆ ಸರ್ಕಾರಿ ಜಮೀನು ಎಂದೋ ಮುಗಿದಿದೆ. ಇರುವ ಗೋಮಾಳವನ್ನೂ ಸುಮ್ಮನೆ ಕೊಡುವಂತಿಲ್ಲ. ನೂರು ದನಕ್ಕೆ 30 ಎಕರೆಯಂತೆ ಮೇವಿಗೆ ಉಳಿಸಬೇಕು ಎಂಬ ನಿಯಮವಿದೆ. ಜೊತೆಗೆ ಆ ಗೋಮಾಳದಲ್ಲಿ ಆಗಲೇ ಯಾರೋ ಉಳುಮೆ ಮಾಡುತ್ತಿರುತ್ತಾರೆ. ಹೀಗಾಗಿ ಶೇ. 10 ಎಂಬುದು ಇಲ್ಲದ ರಾಶಿಯ ಹತ್ತನೇ ಒಂದು ಪಾಲಾಗಿ ಉಳಿದಿದೆ. ಅರ್ಜಿದಾರರಿಗೆ "ನಿಮ್ಮ ಹೋಬಳಿಯಲ್ಲಿ ಕೊಡಬಹುದಾದ ಜಮೀನು ಇಲ್ಲ" ಎಂದು ಲಿಖಿತವಾಗಿ ಹೇಳಿದರೂ ಉಪಕಾರ. ಅರ್ಜಿ ವರ್ಷಗಟ್ಟಲೆ ಕಡತದಲ್ಲಿ ಕೂತರೆ ಆಸೆಯೂ ಅಷ್ಟು ವರ್ಷ ಕೂತಿರುತ್ತದೆ.

ಬಂದೂಕಿನ ಲೈಸೆನ್ಸು ಒಂದೇ ಸಾಲಿನಲ್ಲಿ ಮುಗಿಯುವ ವಿಷಯ: ಪೊಲೀಸ್ ವರದಿ ಬಂದ ಮೇಲೆ ಜಿಲ್ಲಾಧಿಕಾರಿ ಕೊಡುತ್ತಾರೆ, ಐದು ವರ್ಷಕ್ಕೊಮ್ಮೆ ನವೀಕರಣ.

ಮಗಳ ಮದುವೆಗೆ ಅನುದಾನ, ಓದಿಗೆ ವಿದ್ಯಾರ್ಥಿವೇತನ

ಹವಾಲ್ದಾರ್ ದರ್ಜೆಯವರೆಗಿನವರಿಗೆ ಕೇಂದ್ರೀಯ ಸೈನಿಕ ಮಂಡಳಿಯ ಮೂಲಕ ಕೆಲವು ಅನುದಾನಗಳಿವೆ. ಪಿಂಚಣಿಯಿಲ್ಲದ, 65 ದಾಟಿದ ಬಡವರಿಗೆ ಮಾಸಾಶನ, ಇಬ್ಬರು ಮಕ್ಕಳವರೆಗೆ ಓದಿನ ಅನುದಾನ, ಇಬ್ಬರು ಹೆಣ್ಣುಮಕ್ಕಳವರೆಗೆ ಮದುವೆಯ ಅನುದಾನ. 2025ರ ನವೆಂಬರ್ 1ರಿಂದ ಬಂದ ಅರ್ಜಿಗಳಿಗೆ ಈ ಮೊತ್ತಗಳು ಇಮ್ಮಡಿಯಾಗಿವೆ: ಮಾಸಾಶನ 4,000ದಿಂದ 8,000 ರೂಪಾಯಿ, ಓದಿಗೆ ತಿಂಗಳಿಗೆ ತಲಾ 1,000ದಿಂದ 2,000, ಮದುವೆಗೆ 50,000ದಿಂದ 1 ಲಕ್ಷ. ಅರ್ಜಿ ಮಂಡಳಿಯ ಜಾಲತಾಣದಲ್ಲಿ. ಜಿಲ್ಲಾ ಕಚೇರಿ ಮೂಲ ದಾಖಲೆ ನೋಡಿ ಒಪ್ಪಬೇಕು, ಆಮೇಲೆ ಬೆಂಗಳೂರು, ಆಮೇಲೆ ದೆಹಲಿ. ಮದುವೆಯ ಅನುದಾನಕ್ಕೆ ಮದುವೆಯಾದ 180 ದಿನದೊಳಗೆ ಅರ್ಜಿ ಹಾಕಬೇಕು. ಮದುವೆ ಸಾಲ ತೀರಿಸಿ ಉಸಿರು ಬಿಟ್ಟ ಮೇಲೆ ನೆನಪಾದರೆ ಅಷ್ಟರಲ್ಲಿ ಅವಧಿ ಮುಗಿದಿರುತ್ತದೆ. ಮದುವೆ ನೋಂದಣಿಯನ್ನೂ ಮುಂದೂಡಬೇಡಿ.

ವೃತ್ತಿಪರ ಕೋರ್ಸಿಗೆ ಸೇರಿದ ಮಕ್ಕಳಿಗೆ ಪ್ರಧಾನಮಂತ್ರಿ ವಿದ್ಯಾರ್ಥಿವೇತನ ಬೇರೆ ಇದೆ. ಹುಡುಗರಿಗೆ ತಿಂಗಳಿಗೆ 2,500, ಹುಡುಗಿಯರಿಗೆ 3,000. ದೇಶಕ್ಕೆಲ್ಲ ವರ್ಷಕ್ಕೆ 5,500 ಮಕ್ಕಳು, ಪಿಯುಸಿಯಲ್ಲಿ ಶೇ. 60 ಇರಬೇಕು. ಇದರ ಹೊರತಾಗಿ ರಾಜ್ಯದ ನಿಧಿಯಿಂದ ಶಿಷ್ಯವೇತನ, ಪುಸ್ತಕ ಅನುದಾನವೂ ಇವೆ.

ಈ ನಿಧಿಗಳಿಗೆ ದುಡ್ಡು ಬರುವ ಒಂದು ದಾರಿ ಎಲ್ಲರೂ ನೋಡಿರುವುದೇ. ಡಿಸೆಂಬರ್ 7, ಧ್ವಜ ದಿನ. ಕೆಂಪು, ಕಡುನೀಲಿ, ತಿಳಿನೀಲಿ ಪಟ್ಟೆಯ ಪುಟ್ಟ ಧ್ವಜವನ್ನು ಜಿಲ್ಲಾಧಿಕಾರಿಯ ಅಂಗಿಗೆ ಚುಚ್ಚುವ ಫೋಟೋ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. 1949ರಿಂದ ನಡೆದುಬಂದ ಪದ್ಧತಿ. ಕಚೇರಿ, ಶಾಲೆಗಳಲ್ಲಿ ಧ್ವಜ ಕೊಂಡು ಡಬ್ಬಿಗೆ ಹಾಕಿದ ಹಣ ಹೀಗೆ ಸುತ್ತಿ ಬಂದು ಯಾವುದೋ ಹಳ್ಳಿಯ ವಿಧವೆಯ ಖಾತೆ ಸೇರುತ್ತದೆ.

ಚಿಕಿತ್ಸೆಗೆ ರಾಜ್ಯದ ಆರೋಗ್ಯ ಇಲಾಖೆಯ ಸಂಬಂಧವೇ ಇಲ್ಲ. 2003ರ ಏಪ್ರಿಲ್‌ನಲ್ಲಿ ಶುರುವಾದ ಮಾಜಿ ಸೈನಿಕರ ಆರೋಗ್ಯ ಯೋಜನೆ ಇಸಿಎಚ್‌ಎಸ್‌ನ ಪಾಲಿಕ್ಲಿನಿಕ್ಕಿಗೆ ಹೋಗಬೇಕು, ಅಲ್ಲಿಂದ ರೆಫರಲ್ ಪಡೆದು ಒಪ್ಪಂದದ ಆಸ್ಪತ್ರೆಗೆ. ರಾತ್ರಿ ಎದೆನೋವು ಬಂದರೆ ಮಾತ್ರ ಈ ಸಾಲು ಹಿಡಿಯಬೇಕಿಲ್ಲ. ಹತ್ತಿರದ ಯಾವ ಆಸ್ಪತ್ರೆಗಾದರೂ ಸೇರಿಸಿ. ಒಪ್ಪಂದವಿಲ್ಲದ ಆಸ್ಪತ್ರೆಯಾದರೆ 48 ಗಂಟೆಯೊಳಗೆ ಪಾಲಿಕ್ಲಿನಿಕ್ಕಿಗೆ ತಿಳಿಸಿ, ಬಿಲ್ಲು ಕಟ್ಟಿ, ಆಮೇಲೆ ಮರುಪಾವತಿ ಕೇಳಬಹುದು. ಈ 48 ಗಂಟೆಯ ಮಾತನ್ನು ಮನೆಯ ಹೆಂಗಸರಿಗೂ ಮಕ್ಕಳಿಗೂ ಹೇಳಿಟ್ಟಿರಬೇಕು. ಐಸಿಯುನಲ್ಲಿ ಮಲಗಿದವರು ಎದ್ದು ಫೋನ್ ಮಾಡಲಾರರು.

ಪಟ್ಟಿಯ ಹೊರಗಿನವರು

ಬಿಎಸ್‌ಎಫ್, ಸಿಆರ್‌ಪಿಎಫ್‌ನಿಂದ ಬಂದವರನ್ನೂ ಊರವರು "ಮಿಲಿಟರಿಯವರು" ಎಂದೇ ಕರೆಯುತ್ತಾರೆ. ಆದರೆ ಅವು ಗೃಹ ಸಚಿವಾಲಯದ ಪಡೆಗಳು. ಅವರಿಗೆ ಬೇರೆ ಕಲ್ಯಾಣ ಮತ್ತು ಪುನರ್ವಸತಿ ಮಂಡಳಿಯಿದೆ. ಸೈನಿಕ ಕಲ್ಯಾಣ ಕಚೇರಿ ಅವರಿಗೆ ಮಾಜಿ ಸೈನಿಕರ ಚೀಟಿ ಕೊಡಲಾರದು. ಕಾಶ್ಮೀರದಲ್ಲಿ ಅದೇ ಗಡಿಯಲ್ಲಿ ನಿಂತು ಬಂದವರಿಗೆ ಇದನ್ನು ಅರಗಿಸಿಕೊಳ್ಳುವುದು ಕಷ್ಟ. ಪಿಂಚಣಿ ಬರುವ ಮೊದಲೇ ಸ್ವಂತ ಇಚ್ಛೆಯಿಂದ ಸೇನೆ ಬಿಟ್ಟು ಬಂದವರೂ ಮಾಜಿ ಸೈನಿಕ ಎಂಬ ವ್ಯಾಖ್ಯೆಯೊಳಗೆ ಬರುವುದಿಲ್ಲ.

ಇನ್ನು ಮುಂದೆ ಬರುವವರು ಅಗ್ನಿವೀರರು. 2022ರ ಯೋಜನೆಯಂತೆ ನಾಲ್ಕು ವರ್ಷದ ಸೇವೆ, ಸೇವಾನಿಧಿಯ ಒಂದು ಇಡಿಗಂಟು, ನಾಲ್ಕನೇ ಒಂದು ಪಾಲಿನವರೆಗೆ ಮಾತ್ರ ಮುಂದುವರಿಕೆ. ಹೊರಬರುವವರಿಗೆ ಪಿಂಚಣಿಯಿಲ್ಲ, ಇಸಿಎಚ್‌ಎಸ್ ಇಲ್ಲ, ಮಾಜಿ ಸೈನಿಕ ಎಂಬ ಸ್ಥಾನವೂ ಇಲ್ಲ. ಕೇಂದ್ರ ಪೊಲೀಸ್ ಪಡೆಗಳಲ್ಲಿ ಅವರಿಗೆ ಮೀಸಲಾತಿ ಘೋಷಣೆಯಾಗಿದೆ. ಆದರೆ ನಾಳೆ ಹೊಸದುರ್ಗದ ಇಪ್ಪತ್ಮೂರರ ಹುಡುಗನೊಬ್ಬ ತಾಲ್ಲೂಕು ಕಚೇರಿಗೋ ಪಾಲಿಕೆಗೋ ಹೋಗಿ ಸೇನೆಯ ಪ್ರಮಾಣಪತ್ರ ತೋರಿಸಿದರೆ, ಈವರೆಗೆ ಹೇಳಿದ ಯಾವ ಕಿಟಕಿಯಲ್ಲೂ ಅದು "ಮಾಜಿ ಸೈನಿಕ" ಎಂಬ ಕಾಲಮ್ಮಿನೊಳಗೆ ಕೂರುವುದಿಲ್ಲ. ಅವನಿಗೆ ಬೇರೆ ಕಾಲಂ ಬೇಕಿದ್ದರೆ ರಾಜ್ಯ ಸರ್ಕಾರವೇ ಬೇರೆ ಆದೇಶ ಮಾಡಬೇಕು.